ನಮ್ಮ ಜಾಗದ ಚರಂಡಿಯ ಹೂಳು ಯಾರು ತೆಗೆಯಬೇಕು?

ಓದುಗರೊಬ್ಬರ ಪತ್ರ: "ನಮ್ಮ ಸೈಟಿನ ಅಂಚಿನಲ್ಲಿ ಮಳೆನೀರಿನ ಚರಂಡಿ ಹೋಗುತ್ತದೆ. ಹೂಳು ತೆಗೆಸಿ ಅಂತ ನೋಟಿಸ್ ಬಂದಿದೆ. ಅದರಲ್ಲಿ ಹರಿಯುವುದೆಲ್ಲ ಮೇಲಿನ ಮನೆಯವರ ನೀರು. ಅವರು ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ ಮೇಲೆ ಇನ್ನೂ ಜಾಸ್ತಿಯಾಗಿದೆ. ತೆರಿಗೆ ಕಟ್ಟುವ ನಾನೇ ಯಾಕೆ ತೆಗೆಸಬೇಕು? ಮಣ್ಣು ತುಂಬಿ ಮುಚ್ಚಿಬಿಡಲೇ?"

ಸಂಪಾದಕರ ಉತ್ತರ: ಮುಚ್ಚಬೇಡಿ. ಇವತ್ತು ತೆರಿಗೆಯ ತಕರಾರು ನಿಮ್ಮದು. ಮುಚ್ಚಿದ ದಿನದಿಂದ ಅಕ್ಕಪಕ್ಕದವರ ಮನೆಗೆ ನೀರು ನುಗ್ಗಿಸಿದವರು ನೀವಾಗುತ್ತೀರಿ.

ಸಾಮಾನ್ಯವಾಗಿ ರಸ್ತೆ ಬದಿಯ ಚರಂಡಿ ಸ್ಥಳೀಯ ಸಂಸ್ಥೆಯದು, ಕಾಂಪೌಂಡಿನ ಒಳಗಿನದು ಮಾಲೀಕರದು. ನಿಮ್ಮದರಂತೆ ಹಲವರ ನೀರು ಹೊತ್ತು ಖಾಸಗಿ ಜಾಗ ದಾಟುವ ಚರಂಡಿಯದೇ ಗೋಜಲು. ಕ್ರಯಪತ್ರ, ಬಡಾವಣೆ ನಕ್ಷೆ ಎರಡನ್ನೂ ತೆಗೆದು ನೋಡಿ. ಅಲ್ಲಿ ಚರಂಡಿಗೆಂದು ಪಟ್ಟಿ ಬಿಟ್ಟಿದ್ದರೆ, ನಿರ್ವಹಣೆ ಯಾರದೆಂದು ಅದರಲ್ಲೇ ಬರೆದಿರಬಹುದು. ಇಲ್ಲದಿದ್ದರೆ ಯಾವ ನಿಯಮದಡಿ ನೋಟಿಸ್ ಕೊಟ್ಟಿರಿ ಎಂದು ಲಿಖಿತವಾಗಿ ಕೇಳಿ. ಹೊಣೆ ಯಾರದ್ದೇ ಆಗಲಿ, ಅದರ ಮೇಲೆ ಗೋಡೆ, ಶೆಡ್ಡು ಕಟ್ಟುವ ಹಾಗಿಲ್ಲ.

ಇನ್ನು ಮೇಲಿನ ಮನೆಯವರ ವಿಷಯ. ಇಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. ತಾನಾಗಿ ಇಳಿದು ಬರುವ ನೀರನ್ನು ತಗ್ಗಿನವರು ತಡೆಯುವಂತಿಲ್ಲ. ಆದರೆ ಆ ಹರಿವನ್ನು ಹೆಚ್ಚಿಸಿ ಕೆಳಗೆ ತಳ್ಳುವ ಹಕ್ಕು ಮೇಲಿನವರಿಗೂ ಇಲ್ಲ. ಅನೇಕ ದೇಶಗಳ ಕಾನೂನಿನಲ್ಲಿ ಈ ತತ್ವವಿದೆ. ಹಳೆಯ ರೋಮನ್ ಕಾನೂನಿನಲ್ಲಂತೂ ಪಕ್ಕದ ಜಮೀನಿನಿಂದ ನುಗ್ಗುವ ಮಳೆನೀರಿಗೆಂದೇ ಪ್ರತ್ಯೇಕ ದಾವೆ ಇತ್ತು. ಜಗಳ ಅಷ್ಟು ಹಳೆಯದು!

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 200 ಚದರ ಮೀಟರ್ ಅಂಗಳಕ್ಕೆ 50 ಮಿಲಿಮೀಟರ್ ಸುರಿದರೆ 10,000 ಲೀಟರ್. ಮಣ್ಣಿದ್ದಾಗ ಒಂದಷ್ಟು ಇಂಗುತ್ತಿತ್ತು. ಕಾಂಕ್ರೀಟ್ ಆದ ಮೇಲೆ ಹೆಚ್ಚುಕಡಿಮೆ ಅಷ್ಟೂ ನಿಮ್ಮ ಕಡೆಗೇ, ಅಲ್ವಾ? ಮಳೆ ಬರುವಾಗಲೇ ಫೋಟೊ ತೆಗೆದಿಡಿ. ಇಂಗುಗುಂಡಿ ಮಾಡಿಸಿ ಎಂದು ಮೊದಲು ಅವರನ್ನೇ ಕೇಳಿ. ಒಪ್ಪದಿದ್ದರೆ ಫೋಟೊ ಸಮೇತ ದೂರು ಕೊಡಿ.

ಸುಲಭ ಅಂತ ಮಳೆನೀರನ್ನು ಒಳಚರಂಡಿಗೆ ಮಾತ್ರ ಸೇರಿಸಬೇಡಿ. ಅದು ಉಕ್ಕಿದರೆ ಯಾರದೋ ಬಚ್ಚಲಿಗೆ ಹೊಲಸು ನುಗ್ಗುತ್ತದೆ.

ಹೂಳು ತೆಗೆಸಿದರೆ ದಂಡೆಯ ಮೇಲೇ ಗುಡ್ಡೆ ಹಾಕಿಸಬೇಡಿ. ನಾನೊಮ್ಮೆ ಹಾಗೆ ಮಾಡಿ, ಮೊದಲ ಮಳೆಗೇ ಎಲ್ಲ ವಾಪಸ್ ಚರಂಡಿಗೆ ಇಳಿದು, ಎರಡನೇ ಸಲ ಕೂಲಿ ಕೊಟ್ಟಿದ್ದೇನೆ.