ಕೋರ್ ಕಡಿಮೆ, ವೇಗ ಹೆಚ್ಚು: ಎರಡು ಗ್ರಾಫಿಕ್ಸ್ ಕಾರ್ಡ್‌ಗಳ ಲೆಕ್ಕ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಎನ್‌ವಿಡಿಯಾ ಕಂಪನಿಯ 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಅಥವಾ 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4060 ಹಾಕಿಸಬೇಕೆಂದಿದ್ದೇನೆ. ಹಳೆಯ ಕಾರ್ಡಿನಲ್ಲಿ ಕೋರ್‌ಗಳೂ ಹೆಚ್ಚು, ಮೆಮೊರಿಯೂ ಹೆಚ್ಚು, ಬಸ್ಸಿನ (ಚಿಪ್ಪಿಗೂ ಮೆಮೊರಿಗೂ ನಡುವಿನ ದತ್ತಾಂಶದ ದಾರಿಯ) ಅಗಲವೂ ಹೆಚ್ಚು. ಆದರೂ ಪರೀಕ್ಷೆಗಳಲ್ಲಿ ಹೊಸದೇ ಮುಂದಿರುವುದು ಹೇಗೆ? ನಾನು 1080ಪಿ ಪರದೆಯಲ್ಲಿ ಆಟ ಆಡುತ್ತೇನೆ, 3ಡಿ ಚಿತ್ರ ರಚಿಸುವ ಬ್ಲೆಂಡರ್ ತಂತ್ರಾಂಶ ಬಳಸುತ್ತೇನೆ. ಭಾಷಾ ಮಾದರಿಗಳನ್ನು ಸ್ವಂತ ಕಂಪ್ಯೂಟರಿನಲ್ಲೇ ನಡೆಸಿ ನೋಡುವ ಆಸೆಯೂ ಈಚೆಗೆ ಹುಟ್ಟಿದೆ. ನನ್ನ ಮದರ್‌ಬೋರ್ಡ್ ಪಿಸಿಐಇ (ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಸಂಪರ್ಕ) ಮೂರನೆಯ ತಲೆಮಾರಿನದು.

ಉತ್ತರ: ಕೋರ್‌ಗಳನ್ನು ಎಣಿಸಿ ವೇಗವನ್ನು ಅಂದಾಜು ಮಾಡುವುದು ಒಂದೇ ತಲೆಮಾರಿನ ಕಾರ್ಡ್‌ಗಳ ನಡುವೆ ಮಾತ್ರ ಸ್ವಲ್ಪಮಟ್ಟಿಗೆ ನಡೆಯುವ ಲೆಕ್ಕ. 2021ರ ಫೆಬ್ರುವರಿಯಲ್ಲಿ ಬಂದ 3060ರಲ್ಲಿ 3584 ಕೋರ್‌ಗಳಿವೆ, 2023ರ ಜೂನ್‌ನಲ್ಲಿ ಬಂದ 4060ರಲ್ಲಿ 3072 ಮಾತ್ರ. ಆದರೆ ಮೊದಲನೆಯದು ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್ ಪ್ರಕ್ರಿಯೆಯಲ್ಲಿ ತಯಾರಾದ ಚಿಪ್ ಆಗಿದ್ದು ಅದರ ಬೂಸ್ಟ್ ವೇಗ ಸುಮಾರು 1.78 ಗಿಗಾಹರ್ಟ್ಸ್; ಎರಡನೆಯದು ಟಿಎಸ್‌ಎಂಸಿಯ 4ಎನ್ ಪ್ರಕ್ರಿಯೆಯಲ್ಲಿ ತಯಾರಾಗಿ 2.46 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ. ಪ್ರತಿ ಕೋರ್ ಒಂದು ಗಡಿಯಾರ ಮಿಡಿತಕ್ಕೆ ಎರಡು ಲೆಕ್ಕ ಮಾಡುತ್ತದೆಂದು ಹಿಡಿದು ಗುಣಿಸಿದರೆ ಹಳೆಯದಕ್ಕೆ ಸುಮಾರು 12.7 ಟೆರಾಫ್ಲಾಪ್, ಹೊಸದಕ್ಕೆ 15.1 ಟೆರಾಫ್ಲಾಪ್ ಬರುತ್ತದೆ (ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ). 1080ಪಿ ಆಟಗಳಲ್ಲಿ ಹೊಸ ಕಾರ್ಡು ಸಾಮಾನ್ಯವಾಗಿ ಶೇ 15ರಿಂದ 20ರಷ್ಟು ಮುಂದಿರುವುದಕ್ಕೂ ಈ ಅಂತರಕ್ಕೂ ಹೊಂದಾಣಿಕೆ ಕಾಣುತ್ತದೆ. ಹಾಗೆಂದು ಟೆರಾಫ್ಲಾಪನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಎಎಂಡಿಯ ಆರ್‌ಎಕ್ಸ್ 7600 ಕಾರ್ಡಿಗೆ ಕಾಗದದ ಮೇಲೆ 21ಕ್ಕಿಂತ ಹೆಚ್ಚು ಟೆರಾಫ್ಲಾಪ್ ಇದ್ದರೂ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ಬಿಡಿಸುವ ವಿಧಾನ) ಇಲ್ಲದ ಆಟಗಳಲ್ಲಿ ಅದು 4060ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಬಸ್ಸಿನ ಅಗಲದ ವಿಷಯ ಇದಕ್ಕಿಂತ ಕುತೂಹಲಕರವಾದದ್ದು, ನಿಮ್ಮ ನಿರ್ಧಾರಕ್ಕೂ ಅದೇ ಮುಖ್ಯ. 3060ರ ಬಸ್ 192 ಬಿಟ್, ಮೆಮೊರಿಯಿಂದ ಸೆಕೆಂಡಿಗೆ 360 ಜಿಬಿ ಓದಬಲ್ಲದು. 4060ರದು 128 ಬಿಟ್, 272 ಜಿಬಿ. ಈ ಕೊರತೆಯನ್ನು ತುಂಬಲು ಎನ್‌ವಿಡಿಯಾ ಚಿಪ್ಪಿನೊಳಗಿನ ಎಲ್2 ಕ್ಯಾಶನ್ನು (ಪದೇ ಪದೇ ಬೇಕಾಗುವ ದತ್ತಾಂಶವನ್ನು ಹತ್ತಿರವೇ ಇಟ್ಟುಕೊಳ್ಳುವ ಪುಟ್ಟ ಮೆಮೊರಿಯನ್ನು) 3 ಎಂಬಿಯಿಂದ 24 ಎಂಬಿಗೆ ಏರಿಸಿತು. ಆಟದ ಒಂದು ಫ್ರೇಮ್ ಬಿಡಿಸುವಾಗ ಒಂದೇ ದತ್ತಾಂಶ ಮತ್ತೆ ಮತ್ತೆ ಬೇಕಾಗುವುದರಿಂದ ಬಹಳಷ್ಟು ಬೇಡಿಕೆ ಕ್ಯಾಶ್‌ನಲ್ಲೇ ಈಡೇರಿ, ಹೊರಗಿನ ಮೆಮೊರಿಯ ಮೇಲಿನ ಒತ್ತಡ ಇಳಿಯುತ್ತದೆ. ಪರದೆಯ ರೆಸಲ್ಯೂಷನ್ ಹೆಚ್ಚಿದಂತೆ ಈ ಅನುಕೂಲ ಕುಗ್ಗುತ್ತದೆ: 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿದ್ದರೆ 4ಕೆಯಲ್ಲಿ ಅದರ ನಾಲ್ಕರಷ್ಟಿವೆ.

ಆದರೆ ಭಾಷಾ ಮಾದರಿಯ ವಿಷಯದಲ್ಲಿ ಈ ಉಪಾಯ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಟೋಕನ್ (ಪದ ಅಥವಾ ಪದದ ತುಣುಕು) ಹುಟ್ಟುವಾಗಲೂ ಮಾದರಿಯ ಬಹುತೇಕ ಎಲ್ಲ ತೂಕಗಳನ್ನೂ, ಅಂದರೆ ಅದು ಕಲಿತಿಟ್ಟುಕೊಂಡ ಅಂಕಿಗಳಾದ ನಿಯತಾಂಕಗಳನ್ನೂ, ಒಮ್ಮೆ ಓದಬೇಕಾಗುತ್ತದೆ. ಹಲವು ಜಿಬಿಯ ಮಾದರಿಯ ಮುಂದೆ 24 ಎಂಬಿ ಕ್ಯಾಶ್ ಲೆಕ್ಕಕ್ಕೇ ಇಲ್ಲ. 700 ಕೋಟಿ ನಿಯತಾಂಕಗಳ ಮಾದರಿಯಲ್ಲಿ ಪ್ರತಿ ನಿಯತಾಂಕವನ್ನು 4 ಬಿಟ್‌ಗೆ ಇಳಿಸಿದರೆ ಅದು ಸುಮಾರು 4 ಜಿಬಿ ಆಗುತ್ತದೆ. 360ನ್ನು 4ರಿಂದ ಭಾಗಿಸಿದರೆ ಹಳೆಯ ಕಾರ್ಡಿನ ಗರಿಷ್ಠ ಮಿತಿ ಸೆಕೆಂಡಿಗೆ 90 ಟೋಕನ್, ಹೊಸದರದು 68. ನಿಜವಾದ ವೇಗ ಎರಡರಲ್ಲೂ ಇದಕ್ಕಿಂತ ಕಡಿಮೆಯೇ ಇರುತ್ತದೆ, ಆದರೆ ಈ ಕೆಲಸದಲ್ಲಿ ಎರಡು ವರ್ಷ ಮೊದಲೇ ಬಂದ ಕಾರ್ಡಿಗೆ ಮೇಲುಗೈ ಸಿಗುವುದು ಇದೇ ಕಾರಣಕ್ಕೆ. 1300–1400 ಕೋಟಿ ನಿಯತಾಂಕಗಳ ಮಾದರಿಗಳಂತೂ 4 ಬಿಟ್‌ನಲ್ಲೂ 8 ಜಿಬಿಯ ಆಸುಪಾಸಿಗೆ ಬರುವುದರಿಂದ, ಸಂಭಾಷಣೆಯ ಸಂದರ್ಭಕ್ಕೆ ಬೇಕಾದ ಜಾಗವನ್ನೂ ಸೇರಿಸಿದರೆ 4060ರಲ್ಲಿ ಅವು ಪೂರ್ತಿಯಾಗಿ ಹಿಡಿಸುವುದಿಲ್ಲ.

ಮೆಮೊರಿ ತುಂಬಿ ಹೊರಚೆಲ್ಲಿದಾಗ ಏನಾಗುತ್ತದೆ ಎನ್ನುವಲ್ಲಿ ನಿಮ್ಮ ಮದರ್‌ಬೋರ್ಡಿನ ಪಾತ್ರ ಬರುತ್ತದೆ: ಕಾರ್ಡಿನಲ್ಲಿ ಹಿಡಿಸದ ದತ್ತಾಂಶ ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಪಿಸಿಐಇ ದಾರಿಯಲ್ಲೇ ಬರಬೇಕು. 3060 ಆ ದಾರಿಯ 16 ಲೇನ್‌ಗಳನ್ನು (ಸಾಲುಗಳನ್ನು) ಬಳಸುತ್ತದೆ, 4060 ಎಂಟನ್ನು ಮಾತ್ರ. ನಾಲ್ಕನೆಯ ತಲೆಮಾರಿನ ಸ್ಲಾಟಿನಲ್ಲಿ ಎಂಟು ಲೇನ್‌ಗಳೆಂದರೆ ಸೆಕೆಂಡಿಗೆ ಸುಮಾರು 16 ಜಿಬಿ. ನಿಮ್ಮ ಮೂರನೆಯ ತಲೆಮಾರಿನದರಲ್ಲಿ ಅದು ಸುಮಾರು 8 ಜಿಬಿಗೆ ಇಳಿಯುತ್ತದೆ. 272 ಜಿಬಿಯ ದಾರಿಯಲ್ಲಿ ಬರುತ್ತಿದ್ದ ಟೆಕ್ಸ್‌ಚರ್‌ಗಳು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳು) 8 ಜಿಬಿಯ ದಾರಿಯಲ್ಲಿ ಬರಬೇಕಾದಾಗ ಆಟ ತಡವರಿಸುತ್ತದೆ. ಕೆಲವು ಆಟಗಳು ತಡವರಿಸುವ ಬದಲು ಸದ್ದಿಲ್ಲದೆ ಟೆಕ್ಸ್‌ಚರ್‌ಗಳನ್ನು ಮಸುಕಾಗಿಸಿಬಿಡುತ್ತವೆ. ಆಗ ಫ್ರೇಮ್‌ಗಳ ಸಂಖ್ಯೆ ಚೆನ್ನಾಗಿಯೇ ಇರುತ್ತದೆ, ಚಿತ್ರ ಮಾತ್ರ ಕೆಟ್ಟಿರುತ್ತದೆ. ಪಟ್ಟಿಗಳನ್ನಷ್ಟೇ ನೋಡಿ ಕಾರ್ಡನ್ನು ಅಳೆಯುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ.

ಪರೀಕ್ಷಾ ವರದಿಗಳನ್ನು ಓದುವಾಗ ಸರಾಸರಿ ಫ್ರೇಮ್ ದರಕ್ಕಿಂತ ಪ್ರತಿ ಫ್ರೇಮಿಗೆ ಹಿಡಿದ ಕಾಲವನ್ನು ಗಮನಿಸಿ. 30ರಿಂದ 36 ಫ್ರೇಮಿಗೆ ಏರುವುದೂ 100ರಿಂದ 120ಕ್ಕೆ ಏರುವುದೂ ಶೇ 20ರ ಏರಿಕೆಯೇ. ಆದರೆ ಮೊದಲನೆಯದರಲ್ಲಿ ಪ್ರತಿ ಫ್ರೇಮಿಗೆ 5.6 ಮಿಲಿಸೆಕೆಂಡ್ ಉಳಿದರೆ ಎರಡನೆಯದರಲ್ಲಿ 1.7 ಮಾತ್ರ ಉಳಿಯುತ್ತದೆ, ಹಾಗಾಗಿ ಕಣ್ಣಿಗೆ ಕಾಣುವ ವ್ಯತ್ಯಾಸವೂ ಬೇರೆ. ‘1% ಲೋ’ ಎಂಬ ಅಂಕಿಯೂ ಉಪಯುಕ್ತ. ಆದರೆ ಕೆಲವರು ಅತಿ ನಿಧಾನವಾದ ನೂರರಲ್ಲೊಂದು ಭಾಗದ ಫ್ರೇಮ್‌ಗಳ ಸರಾಸರಿಯನ್ನು ಕೊಡುತ್ತಾರೆ, ಇನ್ನು ಕೆಲವರು ಆ ಗಡಿಯಲ್ಲಿರುವ ಒಂದೇ ಅಂಕಿಯನ್ನು ಕೊಡುತ್ತಾರೆ. ಆದ್ದರಿಂದ ಒಬ್ಬರ ವರದಿಯಿಂದ 3060ರ ಅಂಕಿಯನ್ನೂ ಇನ್ನೊಬ್ಬರ ವರದಿಯಿಂದ 4060ರ ಅಂಕಿಯನ್ನೂ ತೆಗೆದುಕೊಂಡು ಪಕ್ಕಪಕ್ಕ ಇಡಬಾರದು. ಫ್ರೇಮ್ ಜನರೇಷನ್ ಚಾಲೂ ಮಾಡಿ ತೆಗೆದ ಅಂಕಿಗಳನ್ನು ಹೋಲಿಕೆಯಿಂದ ಹೊರಗಿಡಿ. ಎನ್‌ವಿಡಿಯಾದ ಈ ಸೌಲಭ್ಯ 3060ರಲ್ಲಿ ಇಲ್ಲ, 4060ರಲ್ಲಿ ಇದೆ. ಅದು ಎರಡು ನಿಜವಾದ ಫ್ರೇಮ್‌ಗಳ ನಡುವೆ ಒಂದನ್ನು ಊಹಿಸಿ ಸೇರಿಸುತ್ತದೆಯೇ ಹೊರತು, ನಿಮ್ಮ ಮೌಸಿಗೆ ಆಟ ಸ್ಪಂದಿಸುವ ವೇಗವನ್ನು ಹೆಚ್ಚಿಸುವುದಿಲ್ಲ. ಮೇಲಾಗಿ ಅದಕ್ಕೂ ಮೆಮೊರಿ ಬೇಕು, ಅದೂ ಮೊದಲೇ ಕಡಿಮೆ ಇರುವ ಕಾರ್ಡಿನಲ್ಲಿ.

ಬ್ಲೆಂಡರ್‌ನ ಸೈಕಲ್ಸ್ ರೆಂಡರಿಂಗ್‌ನಲ್ಲಿ, ದೃಶ್ಯ ಮೆಮೊರಿಯಲ್ಲಿ ಹಿಡಿಸುವವರೆಗೆ 4060 ಮುಂದಿರುತ್ತದೆ. ವಿದ್ಯುತ್ತಿನ ವಿಷಯದಲ್ಲಿ ಚರ್ಚೆಯೇ ಬೇಡ: ಹಳೆಯದಕ್ಕೆ 170 ವ್ಯಾಟ್, ಹೊಸದಕ್ಕೆ 115.

ಆಟ ಮತ್ತು ಬ್ಲೆಂಡರ್ ಮಾತ್ರ ನಿಮ್ಮ ಉದ್ದೇಶವಾಗಿದ್ದರೆ ನಾನು 4060 ಎನ್ನುತ್ತಿದ್ದೆ. ಭಾಷಾ ಮಾದರಿಯ ಆಸೆ ಗಟ್ಟಿಯಾಗಿದ್ದು ಮದರ್‌ಬೋರ್ಡ್ ಬದಲಿಸುವ ಯೋಚನೆ ಇಲ್ಲದಿದ್ದರೆ 12 ಜಿಬಿಯ 3060 ನಿಮಗೆ ಹೆಚ್ಚು ಕಾಲ ಒದಗುತ್ತದೆ. ಕೊಳ್ಳುವಾಗ ಒಂದು ಎಚ್ಚರ: ಅದೇ 3060 ಹೆಸರಿನಲ್ಲಿ 8 ಜಿಬಿಯ ಇನ್ನೊಂದು ಕಾರ್ಡ್ ಇದೆ. ಅದರ ಬಸ್ 128 ಬಿಟ್, ಓದುವ ವೇಗ ಸೆಕೆಂಡಿಗೆ 240 ಜಿಬಿ. ಮೇಲೆ ಹೇಳಿದ ಮೆಮೊರಿಯ ಅನುಕೂಲಗಳು ಅದಕ್ಕೆ ಅನ್ವಯಿಸುವುದಿಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲೂ ಗೆಳೆಯನ ಲ್ಯಾಪ್‌ಟಾಪಿನಲ್ಲೂ ಆರ್‌ಟಿಎಕ್ಸ್ 4060 ಇದೆ. ಒಂದೇ ಆಟ, ಒಂದೇ ಸೆಟ್ಟಿಂಗ್. ಆದರೂ ಅವನದರಲ್ಲಿ ಫ್ರೇಮ್‌ಗಳು ಬಹಳ ಹೆಚ್ಚು. ನನ್ನ ಕಾರ್ಡಿನಲ್ಲಿ ದೋಷವಿದೆಯೇ?

ಉತ್ತರ: ದೋಷವಿಲ್ಲದೆಯೂ ಹೀಗಾಗಬಹುದು. ಲ್ಯಾಪ್‌ಟಾಪಿನ 4060ಕ್ಕೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಮಿತಿ ಇಡಬಹುದು. ತೆಳ್ಳಗಿನ ಯಂತ್ರದಲ್ಲಿ ಮಿತಿಯನ್ನು ಕೆಳಗೆ ಇಟ್ಟಾಗ ಚಿಪ್ ಅದೇ ಆದರೂ ಓಡುವ ವೇಗ ಇಳಿಯುತ್ತದೆ. 4070ರ ವಿಷಯದಲ್ಲಿ ಹೆಸರಿನ ಗೊಂದಲ ಇನ್ನೂ ಹೆಚ್ಚು: ಡೆಸ್ಕ್‌ಟಾಪಿನದರಲ್ಲಿ 5888 ಕೋರ್ ಮತ್ತು 12 ಜಿಬಿ ಮೆಮೊರಿ ಇದ್ದರೆ ಲ್ಯಾಪ್‌ಟಾಪಿನದರಲ್ಲಿ 4608 ಕೋರ್ ಮತ್ತು 8 ಜಿಬಿ ಇದೆ. ನಿಮ್ಮ ಮಿತಿ ಎಷ್ಟೆಂದು ತಿಳಿಯಲು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಎಂಬ ಸಾಲನ್ನು ನೋಡಿ, ಗೆಳೆಯನ ಯಂತ್ರದ ಅಂಕಿಯೊಂದಿಗೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ಮಾತ್ರ ಚಾರ್ಜರ್ ಜೋಡಿಸಿದ್ದೀರಾ, ಪರ್ಫಾರ್ಮೆನ್ಸ್ ಮೋಡ್ ಆಯ್ದಿದ್ದೀರಾ, ಫ್ಯಾನಿನಲ್ಲಿ ದೂಳು ಕಟ್ಟಿದೆಯೇ ಎಂಬುದನ್ನು ಪರಿಶೀಲಿಸಿ.