ಓದುಗರ ಪ್ರಶ್ನೆ: ಕಚೇರಿಯ ಗೋಡೆಯ ಯುದ್ಧಸ್ಮಾರಕದಲ್ಲಿರುವವರು ಯಾರು?

ಪ್ರಶ್ನೆ: ಮಾನ್ಯರೆ, ನಾನು ಬಳ್ಳಾರಿಯವನು, ರೈಲ್ವೆಯಿಂದ ನಿವೃತ್ತನಾಗಿದ್ದೇನೆ. ನಾನು ಕೆಲಸ ಮಾಡಿದ ಹಳೆಯ ಕಟ್ಟಡವೊಂದರಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ ನೌಕರರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೆತ್ತಿದ ಅಮೃತಶಿಲೆಯ ಫಲಕವಿದೆ. ಬ್ರಿಟಿಷ್ ದೊರೆಗಳ ಹೆಸರಿಗೆ ಇನಿಷಿಯಲ್ಲು, ಹುದ್ದೆ ಎಲ್ಲವೂ ಇವೆ. ನಮ್ಮವರದು ಒಂದೊಂದೇ ಪದ. ಎಷ್ಟೋ ವರ್ಷ ಅದರ ಕೆಳಗೇ ಸೈಕಲ್ ನಿಲ್ಲಿಸಿ ಒಳಗೆ ಹೋಗಿದ್ದೇನೆ, ತಲೆಯೆತ್ತಿ ಓದಿರಲಿಲ್ಲ. ಇವರು ಯಾವ ಊರಿನವರು, ಎಲ್ಲಿ ಸತ್ತರು ಎಂದು ತಿಳಿಯುವ ದಾರಿ ಇದೆಯೆ?
— ಒಬ್ಬ ಓದುಗರು, ಬಳ್ಳಾರಿ

ಉತ್ತರ: ದಾರಿ ಇದೆ, ಅದನ್ನು ಸಂಬಳದ ಪುಸ್ತಕದ ಕಡೆಯಿಂದ ಹಿಡಿಯಬೇಕು. ನಮ್ಮ ಸೀಮೆಯ ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಇರುತ್ತವೆ; ಶಾಸನವೂ ಇದ್ದರೆ ಆತ ದನಗಳಿಗಾಗಿ ನಡೆದ ಯಾವ ತುರುಗಾಳಗದಲ್ಲಿ ಬಿದ್ದ, ಕಲ್ಲು ನಿಲ್ಲಿಸಿದವರು ಯಾರು ಎಂಬುದೂ ತಿಳಿಯುತ್ತದೆ. ಕಚೇರಿಯ ಫಲಕ ಅಷ್ಟು ಉದಾರಿಯಲ್ಲ. ಅದು ನೌಕರರ ಪಟ್ಟಿಯಿಂದ ಇಳಿಸಿಕೊಂಡದ್ದು. ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರೇ ಕಲ್ಲಿಗೂ ಏರಿರುತ್ತದೆ.

ಮೊದಲು ಫಲಕವನ್ನು ಸರಿಯಾಗಿ ಓದಿಕೊಳ್ಳಿ. ಬೆಳಕು ಓರೆಯಾಗಿ ಬೀಳುವಂತೆ ಪಕ್ಕದಿಂದ ಟಾರ್ಚ್ ಹಿಡಿದು ಫೋಟೊ ತೆಗೆದರೆ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಅಕ್ಷರಗಳು ಸೀಸದವಾಗಿದ್ದು ಕೆಲವು ಉದುರಿದ್ದರೆ, ಸೀಸವನ್ನು ಹಿಡಿದಿಡಲು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ. ಅವುಗಳ ಸಾಲನ್ನು ಅಳತೆಯಿಟ್ಟು ನೋಡಿದರೆ ಬಿದ್ದುಹೋದ ಅಕ್ಷರ ಯಾವುದೆಂದು ಬಹುಮಟ್ಟಿಗೆ ಊಹಿಸಬಹುದು. ಆಸಿಡ್ ಹಾಕಿ ಉಜ್ಜುವುದು, ಆಯುಧಪೂಜೆಗೆಂದು ಪೇಂಟು ಬಳಿಯುವುದು ದಯವಿಟ್ಟು ಬೇಡ. ಬರೀ ನೀರು, ಮೆತ್ತನೆಯ ಬಟ್ಟೆ ಸಾಕು.

ಆಮೇಲೆ ಪ್ರತಿಯೊಂದು ಹೆಸರಿಗೂ ಎಷ್ಟು ಬಗೆಯ ಇಂಗ್ಲಿಷ್ ಕಾಗುಣಿತ ಸಾಧ್ಯವೋ ಅಷ್ಟನ್ನೂ ಬರೆದಿಟ್ಟುಕೊಳ್ಳಿ. ಹುಲಿಗೆಪ್ಪ ಎಂಬ ಹೆಸರು ಹೂಲಿಗಪ್ಪ, ಹುಲ್ಗಪ್ಪ ಎಂದಾಗಿರಬಹುದು. ಬರೆದುಕೊಂಡವನು ತೆಲುಗಿನವನಾಗಿದ್ದರೆ ಹಕಾರವೇ ಬಿದ್ದು ಉಲಿಗಪ್ಪ ಎಂದಾಗಿರಬಹುದು. ಹೆಸರು ಸ್ವಲ್ಪ ಸುಳಿವನ್ನೂ ಕೊಡುತ್ತದೆ: ಹುಲಿಗೆಪ್ಪನ ಮನೆಯವರು ಹುಲಿಗೆಮ್ಮನಿಗೆ, ಪಂಪಾಪತಿಯ ಮನೆಯವರು ಹಂಪಿಗೆ ನಡೆದುಕೊಳ್ಳುವವರಾಗಿದ್ದಿರಬೇಕು. ಆದರೆ ಇದು ಸುಳಿವೇ ಹೊರತು ಪುರಾವೆಯಲ್ಲ.

ಇಷ್ಟಾದ ಮೇಲೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಅಂತರ್ಜಾಲ ದಾಖಲೆಗೆ ಬನ್ನಿ. 1917ರಲ್ಲಿ ಸ್ಥಾಪನೆಯಾದ ಈ ಆಯೋಗವು 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗೆ ಸತ್ತವರನ್ನು ಮೊದಲ ಮಹಾಯುದ್ಧದ ಮೃತರೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಕದನವಿರಾಮದ ನಂತರ ಜ್ವರದಿಂದ ತೀರಿಕೊಂಡವರೂ ಅಲ್ಲಿ ಸಿಗಬಹುದು. ಸಾವಿನ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಸೇವಾ ಸಂಖ್ಯೆ, ದಳ, ತಾರೀಖು ಇರುತ್ತವೆ, ಅನೇಕ ಭಾರತೀಯರ ವಿಷಯದಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತವೆ. ಹೆಸರನ್ನು ಬಿಟ್ಟು, ಹೆಚ್ಚಿನ ವಿವರದ ಅಂಕಣದಲ್ಲಿ ಬಳ್ಳಾರಿ, ಹೊಸಪೇಟೆಗಳ ಹಳೆಯ ಇಂಗ್ಲಿಷ್ ರೂಪವನ್ನಷ್ಟೇ ಕೊಟ್ಟು ಹುಡುಕುವುದು ಹೆಚ್ಚು ಫಲಕಾರಿ. ರೈಲ್ವೆ ನೌಕರರನ್ನು ಕಾಲ್ದಳಗಳಲ್ಲಿ ಮಾತ್ರ ಹುಡುಕಬೇಡಿ. ಮೆಸಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ, ಬಸ್ರಾದಿಂದ ಮುಂದಕ್ಕೆ ಹಳಿ ಹಾಸಲು ಭಾರತದ ರೈಲ್ವೆಗಳಿಂದ ಹಳಿ, ಎಂಜಿನ್ನುಗಳ ಜೊತೆಗೆ ಜನರೂ ಹೋಗಿದ್ದರು. ರೈಲ್ವೆ ಕಂಪನಿಗಳು, ಕೂಲಿ ದಳಗಳು, ಸೈನ್ಯದ ಬೆನ್ನಿಗಿದ್ದ ಪರಿಚಾರಕರು, ಈ ಮೂರೂ ಪಟ್ಟಿಗಳನ್ನು ತಪ್ಪದೆ ನೋಡಿ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ, ಹೆಸರೂ ಕೂಡಿತು, ಬಳ್ಳಾರಿ ಜಿಲ್ಲೆಯೆಂದೂ ಇತ್ತು ಎಂಬ ಧೈರ್ಯದಿಂದ ಒಂದು ಮನೆಯವರಿಗೆ 'ಇವರೇ ನಿಮ್ಮ ಮುತ್ತಜ್ಜ' ಎಂದು ಹೇಳಿ ಬಂದೆ. ಅವರು ಆ ವರ್ಷ ಪಕ್ಷಮಾಸದಲ್ಲಿ ಆ ತಾರೀಖನ್ನು ನೆನೆದು ಎಡೆಯನ್ನೂ ಇಟ್ಟರು. ಊರಿನ ಹೆಸರನ್ನು ಮತ್ತೆ ಬಿಡಿಸಿ ಓದಿದಾಗ ಅದು ಆದೋನಿ ತಾಲ್ಲೂಕಿನ ಹಳ್ಳಿ. ಆಗಿನ ಬಳ್ಳಾರಿಯು ಮದ್ರಾಸ್ ಪ್ರೆಸಿಡೆನ್ಸಿಯ ಜಿಲ್ಲೆ; ಆದೋನಿ, ಆಲೂರು, ರಾಯದುರ್ಗಗಳು ಅದರಲ್ಲೇ ಇದ್ದು 1953ರಲ್ಲಿ ಆಂಧ್ರಕ್ಕೆ ಹೋದವು. ಸಂಡೂರು ಬೇರೆಯೇ ಸಂಸ್ಥಾನವಾಗಿತ್ತು. ಮತ್ತೆ ಆ ಮನೆಗೆ ಹೋಗಿ ಹೇಳುವುದು ಸುಲಭವಾಗಿರಲಿಲ್ಲ. ಅಂದಿನಿಂದ, ಹೆಸರಲ್ಲದೆ ಇನ್ನೆರಡು ವಿವರಗಳು ಕೂಡದ ಹೊರತು ನಾನು ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ.

ಕೆಲವರು ಸಿಗದೇ ಹೋಗಬಹುದು, ಅದು ನಿಮ್ಮ ತಪ್ಪಲ್ಲ. 1929ರಲ್ಲಿ ಅನಾವರಣಗೊಂಡ ಬಸ್ರಾ ಸ್ಮಾರಕವು ಸಮಾಧಿ ಎಲ್ಲಿದೆಯೆಂದು ತಿಳಿಯದ 40,000ಕ್ಕೂ ಹೆಚ್ಚು ಮಂದಿಯದು. ಅದರ ಫಲಕಗಳಲ್ಲಿ ಅಧಿಕಾರಿಗಳ ಹೆಸರುಗಳಿವೆ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಮಾತ್ರ ದಳವಾರು ಇಷ್ಟು ಜನ ಎಂದು ಅಂಕಿಯಲ್ಲಿ ಮುಗಿಸಲಾಗಿದೆ. ಆ ಯುದ್ಧದಲ್ಲಿ ಮಡಿದ ಕನಿಷ್ಠ 1,16,000 ಮಂದಿಯನ್ನು ಹೆಸರು ಹಿಡಿದು ಸ್ಮರಿಸಿಲ್ಲ, ಬಹುಶಃ ಸ್ಮರಿಸಿಯೇ ಇಲ್ಲವೆಂದು ಆಯೋಗದ ವರದಿಯೇ 2021ರಲ್ಲಿ ಒಪ್ಪಿಕೊಂಡಿತು. ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ 1922ರಲ್ಲಿ ನಿಲ್ಲಿಸಿದ ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ಮಾರಕವನ್ನು ಇದರ ಪಕ್ಕಕ್ಕಿಟ್ಟು ನೋಡಿ: ಕಾಗದ ಓದುತ್ತಿರುವ ಸೈನಿಕನ ಪ್ರತಿಮೆಯ ಪೀಠದೊಳಗೆ ಮಡಿದ 2,500ಕ್ಕೂ ಹೆಚ್ಚು ನೌಕರರ ಹೆಸರುಗಳನ್ನು ಪೆಟ್ಟಿಗೆಯಲ್ಲಿ ಭದ್ರವಾಗಿರಿಸಲಾಗಿದೆ. ಆ ಲೆಕ್ಕದಲ್ಲಿ, ಒಂದೇ ಪದವಾದರೂ ಹೆಸರು ಕೊಟ್ಟಿರುವ ನಿಮ್ಮ ಗೋಡೆ ಬಸ್ರಾಕ್ಕಿಂತ ಮೇಲು.

ಕಾಗದಪತ್ರಗಳ ವಿಷಯ. ನಿಮ್ಮ ಕಟ್ಟಡ ನಿಂತಲ್ಲೇ ನಿಂತಿದ್ದರೂ ಯಜಮಾನರು ಬದಲಾಗಿದ್ದಾರೆ: ಆಗ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, 1951ರಿಂದ ದಕ್ಷಿಣ ರೈಲ್ವೆ, ಮುಂದೆ ದಕ್ಷಿಣ ಮಧ್ಯ, ಈಗ ನೈರುತ್ಯ. ಹೀಗಾಗಿ ಹುಬ್ಬಳ್ಳಿಯಲ್ಲಿ ಕೇಳಿ ಸುಮ್ಮನಾಗದೆ, ಚೆನ್ನೈ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಬಳ್ಳಾರಿ ಜಿಲ್ಲೆಯ ಹಳೆಯ ದಾಖಲೆಗಳನ್ನು ನೋಡಿ. ಫಲಕದ ದೊರೆಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ರೈಲ್ವೆ ನೌಕರರ ಪಟ್ಟಿಗಳಲ್ಲೂ ಮದ್ರಾಸಿನ ಚರ್ಚುಗಳ ದಾಖಲೆಗಳಲ್ಲೂ ಹುಡುಕಬಹುದು; ಅವರದು ಸಲೀಸು.

ಮನೆಗಳಲ್ಲಿ ಕೇಳುವಾಗ 'ಪದಕ ಇದೆಯೆ' ಎಂದಷ್ಟೇ ಕೇಳಬೇಡಿ. ಮಡಿದವರ ವಾರಸುದಾರರಿಗೆ ಸುಮಾರು 12 ಸೆಂಟಿಮೀಟರ್ ಅಗಲದ ಕಂಚಿನ ಬಿಲ್ಲೆಯನ್ನು ಕೊಡುತ್ತಿದ್ದರು. ಅದರಲ್ಲಿ ದೇವತೆಯಂತಹ ಹೆಣ್ಣು, ಸಿಂಹ, ಹುದ್ದೆಯಿಲ್ಲದ ಬರಿಯ ಹೆಸರು ಇರುತ್ತವೆ. ಸಿಂಹವಿದೆಯೆಂದು ಅದು ದೇವರ ಜಗುಲಿಯ ಮೇಲೆ ಕುಂಕುಮ ಮೆತ್ತಿಕೊಂಡು ಕೂತಿದ್ದರೂ ಆಶ್ಚರ್ಯವಿಲ್ಲ. ಪದಕವೇ ಸಿಕ್ಕರೆ ಅಂಚನ್ನು ಭೂತಗನ್ನಡಿಯಿಂದ ನೋಡಿ: ಸಂಖ್ಯೆ, ಹೆಸರು, ದಳವನ್ನು ಅಲ್ಲಿ ಸಣ್ಣಕ್ಷರದಲ್ಲಿ ಒತ್ತಿರುತ್ತಾರೆ. ಆ ಯುದ್ಧದ ಸಾಮಾನ್ಯ ಪದಕ ಸಿಪಾಯಿಗಳಿಗೆ ಬೆಳ್ಳಿಯದು, ಕೂಲಿ ದಳದವರಿಗೂ ಪರಿಚಾರಕರಿಗೂ ಕಂಚಿನದು. ಬೆಳ್ಳಿಯದು ಅಕ್ಕಸಾಲಿಗನ ಅಂಗಡಿಗೆ ಹೋಗಿ ಕರಗಿರುವ ಸಾಧ್ಯತೆ ಹೆಚ್ಚು, ಕಂಚಿನದು ಉಳಿದಿದ್ದೀತು.

ಪ್ರಶ್ನೆ: ನಮ್ಮ ಮುತ್ತಜ್ಜ ಕುಷ್ಟಗಿ ಕಡೆಯವರು, ನಿಜಾಮರ ಸರ್ಕಾರದ ನೌಕರಿಯಲ್ಲಿದ್ದು ಅದೇ ಯುದ್ಧಕ್ಕೆ ಹೋಗಿ ಮರಳಲಿಲ್ಲವಂತೆ. ಅವರ ಹೆಸರಿನ ಕಲ್ಲು ಎಲ್ಲಿಯೂ ಕಾಣುವುದಿಲ್ಲ. ಎಲ್ಲಿಂದ ಶುರುಮಾಡಲಿ?
— ಒಬ್ಬ ಓದುಗರು, ಕೊಪ್ಪಳ

ಉತ್ತರ: ಮದ್ರಾಸಿನ ದಾಖಲೆಗಳು ನಿಮಗೆ ಉಪಯೋಗವಿಲ್ಲ. ಹೈದರಾಬಾದ್ ಸಂಸ್ಥಾನದ ಲ್ಯಾನ್ಸರ್ (ಈಟಿ ಹಿಡಿದ ಕುದುರೆ ಸವಾರರ) ದಳವು ಮೈಸೂರು, ಜೋಧಪುರದ ದಳಗಳೊಂದಿಗೆ ಸೂಯೆಜ್, ಪ್ಯಾಲೆಸ್ಟೈನ್ ಕಡೆ ಇತ್ತು. ದೆಹಲಿಯ ತೀನ್ ಮೂರ್ತಿ ಯುದ್ಧಸ್ಮಾರಕದ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳವು. ನಿಮ್ಮ ಮುತ್ತಜ್ಜ ಲಷ್ಕರಿನವರೇ ಆಗಿದ್ದರೆ ಆಯೋಗದ ದಾಖಲೆಯಲ್ಲಿ ಮೊದಲು ಆ ದಳವನ್ನು ನೋಡಿ. ಉಳಿದದ್ದು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಮಾಡಬೇಕಾದ ಕೆಲಸ. ನಿಜಾಮರ ಆಡಳಿತದ ಕಡತಗಳು ಉರ್ದುವಿನಲ್ಲಿವೆ, ಆದ್ದರಿಂದ ಹಳೆಯ ಕೈಬರಹ ಓದಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ವರ್ಷಗಳು ಫಸಲಿ, ಅಂದರೆ ಕಂದಾಯದ ವರ್ಷದ, ಲೆಕ್ಕದಲ್ಲಿರುತ್ತವೆ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಫಸಲಿ 1327 ಎಂದು ಕಂಡರೆ ಅದು 1917ರ ಅಕ್ಟೋಬರಿನಿಂದ ಮರುವರ್ಷದವರೆಗಿನ ಅವಧಿ, ಪ್ಯಾಲೆಸ್ಟೈನಿನ ಕೊನೆಯ ಕದನಗಳ ಕಾಲ. ಹುಡುಕುವಿಕೆಯನ್ನು ಆ ಕಟ್ಟಿನಿಂದಲೇ ಆರಂಭಿಸಿ.