ಕಳಿಸಿದ್ದು ಹೊಸ ಇಳಕಲ್, ವಾಪಸ್ ಬಂದದ್ದು ಹಳೇ ಸೀರೆ

ಪ್ರಶ್ನೆ: ಮನೆಯಿಂದಲೇ ಆನ್‌ಲೈನ್‌ನಲ್ಲಿ ಕೈಮಗ್ಗದ ಇಳಕಲ್ ಸೀರೆ ಮಾರುತ್ತೇನೆ. ಹೋದ ವಾರ 4,200 ರೂಪಾಯಿಯ ಸೀರೆಯೊಂದನ್ನು 'ಬಣ್ಣ ಬೇರೆ ಇದೆ' ಎಂದು ರಿಟರ್ನ್ ಹಾಕಿದರು. ಕವರ್ ಬಿಚ್ಚಿದರೆ ಒಳಗೆ ಯಾರೋ ಉಟ್ಟು ಬಿಟ್ಟ, ಫಾಲ್ ಹೊಲಿದ ಹಳೇ ಸೀರೆ! ಕೊಂಡವರಿಗೆ ಹಣ ಆಗಲೇ ವಾಪಸ್ ಹೋಗಿದೆ. ಸೈಟಿನವರು 'ಪ್ರೂಫ್ ಕೊಡಿ' ಅನ್ನುತ್ತಾರೆ. ಏನು ಮಾಡಲಿ?
— ಓದುಗರು, ಹನುಮಂತನಗರ

ಉತ್ತರ: ಮೇಡಂ, ಪತ್ರ ಓದಿ ಸಂಕಟ ಆಯಿತು. ಒಂದು ಸೀರೆ ಹೋದರೆ ಅದರ ಅಸಲು ತುಂಬಲು ಇನ್ನೆಷ್ಟು ಸೀರೆ ಮಾರಬೇಕು ಅನ್ನುವುದು ಮಾರುವವರಿಗೇ ಗೊತ್ತು.

ಮೊದಲು, ಬಂದ ಸೀರೆಯನ್ನು ಎಸೆಯಬೇಡಿ, ಒಗೆಯಲೂ ಬೇಡಿ. ಕವರ್ ಸಮೇತ ಎತ್ತಿಡಿ, ಮೇಲಿನ ಲೇಬಲ್ ಹರಿಯಬಾರದು. ಇವತ್ತೇ ಸೈಟಿನಲ್ಲಿ ಕ್ಲೇಮ್ ಹಾಕಿ, ಯಾಕೆಂದರೆ ಇದಕ್ಕೆಲ್ಲ ಗಡುವು ಇರುತ್ತದೆ, ದಾಟಿದರೆ ಯಾರೂ ಕೇಳುವುದಿಲ್ಲ. ಫೋನಿನಲ್ಲಿ ಮಾತಾಡಿ ಸುಮ್ಮನಾಗಬೇಡಿ. ಬರೆದೇ ಹಾಕಿ, ದೂರಿನ ನಂಬರ್ ಇಟ್ಟುಕೊಳ್ಳಿ. ಒಂದು ಸಲ 'ಆಗಲ್ಲ' ಅಂದರೆ ಮತ್ತೆ ಹಾಕಿ, ಅವರ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. ಕೊರಿಯರ್ ದಾಖಲೆಯಲ್ಲಿ ಹೋಗುವಾಗಿನ ತೂಕ, ಬರುವಾಗಿನ ತೂಕ ಎರಡೂ ಇದ್ದರೆ ಕೇಳಿ ಪಡೆಯಿರಿ.

ನಿಮ್ಮ ಹತ್ತಿರ ಇನ್ನೊಂದು ಒಳ್ಳೆಯ ಸಾಕ್ಷಿ ಇದೆ, ಅದು ಸೀರೆಯಲ್ಲೇ ಇದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ (ಮಗ್ಗದ ಉದ್ದದ ಎಳೆಗಳು) ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿರುತ್ತಾರಲ್ವಾ? ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಆ ಜಾಗವನ್ನು ಹತ್ತಿರದಿಂದ ಫೋಟೊ ತೆಗೆಯಿರಿ. ಬಂದ ಸೀರೆಯಲ್ಲಿ ಕೊಂಡಿಯೇ ಇಲ್ಲದಿದ್ದರೆ, ಅದು ನೀವು ಮಾರುವ ಬಗೆಯದ್ದೇ ಅಲ್ಲ ಎಂದು ಫೋಟೊದಲ್ಲೇ ತೋರಿಸಬಹುದು. ಫಾಲ್ ಹೊಲಿಗೆಯದ್ದೂ ಒಂದು ತೆಗೆಯಿರಿ. ಹೊಸ ಸೀರೆಗೆ ನೀವು ಫಾಲ್ ಹಾಕಿ ಕಳಿಸುವುದಿಲ್ಲ ಎಂದು ಜಾಹೀರಾತಿನ ಚಿತ್ರವೇ ಹೇಳುತ್ತದೆ.

ಇನ್ನು ಮುಂದೆ ಪ್ಯಾಕಿಂಗ್ ವಿಡಿಯೊ ಇಲ್ಲದೆ ಒಂದೂ ಪಾರ್ಸೆಲ್ ಮನೆ ಬಿಡಬಾರದು. ಸೆರಗು ಬಿಡಿಸಿ, ಕೊಂಡಿ ತೋರಿಸಿ, ಮಡಿಸಿ, ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ, ಕವರಿಗೆ ಹಾಕಿ ಟೇಪ್ ಸುತ್ತಿ, ಲೇಬಲ್ ನಂಬರ್ ಓದುವ ಹಾಗೆ ಹಿಡಿಯುವವರೆಗೂ ಒಂದೇ ಉಸಿರಿನಲ್ಲಿ, ಎಲ್ಲೂ ಕಟ್ ಮಾಡದೆ ತೆಗೆಯಿರಿ. ವಾಪಸ್ ಬಂದಾಗ ಬಿಚ್ಚುವುದೂ ಹಾಗೇ. ನಡುವೆ ನಿಲ್ಲಿಸಿದ ವಿಡಿಯೊ ಇದ್ದರೆ 'ಆ ಗ್ಯಾಪಿನಲ್ಲಿ ಬದಲಾಯಿಸಿರಬಹುದು' ಅನ್ನುತ್ತಾರೆ. ವಾಟ್ಸಾಪ್‌ಗೆ ಕಳಿಸಿ ಮೂಲ ಫೈಲ್ ಅಳಿಸಬೇಡಿ. ವಿಷಯ ಕೋರ್ಟಿಗೆ ಹೋದರೆ ಮೂಲ ಫೈಲ್, ಜೊತೆಗೊಂದು ಪ್ರಮಾಣಪತ್ರ ಬೇಕಾಗುತ್ತದೆ.

ಸೆರಗಿನ ತುದಿಗೆ ಒಂದು ಟ್ಯಾಗನ್ನು ದಾರದಲ್ಲಿ ಹೊಲಿದು ಕಳಿಸಿ. ಕತ್ತರಿಸದೆ ಉಡಲು ಆಗದ ಜಾಗದಲ್ಲಿ ಇರಲಿ. ಹಾಗಂತ ಬಣ್ಣದ ದೂರೆಲ್ಲ ಮೋಸ ಅಲ್ಲ, ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೊ ನಿಜವಾಗಲೂ ಬೇರೆ ಕಾಣುತ್ತದೆ. ಹಗಲು ಬೆಳಕಿನಲ್ಲಿ ತೆಗೆದು ಹಾಕಿ.

ಕಾನೂನು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೆಸರೇ ಹೇಳುವಂತೆ ಕೊಳ್ಳುವವರಿಗಾಗಿ ಇದೆ. ಆದರೆ ಬೇಕೆಂದೇ ವಸ್ತು ಬದಲಾಯಿಸಿ ಹಣ ಪಡೆಯುವುದು ವಂಚನೆ. ಮೊದಲು ಐಪಿಸಿ 420 ಅನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಹತ್ತಿರದ ಠಾಣೆಗೆ ದಾಖಲೆ ಸಮೇತ ಹೋಗಿ, ಸ್ವೀಕೃತಿ ಕೇಳಿ ಪಡೆಯಿರಿ. ಸಿಟ್ಟಿನಲ್ಲಿ ಅವರ ಹೆಸರು, ವಿಳಾಸ, ಫೋನ್ ನಂಬರ್ ಮಾತ್ರ ಎಲ್ಲೂ ಹಾಕಬೇಡಿ. ಬದಲಾಯಿಸಿದ್ದು ದಾರಿಯಲ್ಲಿ ಪಾರ್ಸೆಲ್ ಮುಟ್ಟಿದ ಇನ್ಯಾರೋ ಆಗಿರಬಹುದು.

ಪ್ರಶ್ನೆ: ಹಳೇ ಮಂಚ ಮಾರಲು ಜಾಹೀರಾತು ಹಾಕಿದ್ದೆ. ಮಿಲಿಟರಿಯವನು ಎಂದ ಒಬ್ಬ ಚೌಕಾಸಿ ಮಾಡದೆ ಒಪ್ಪಿ, 'ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ಬರುತ್ತೆ' ಅಂದ. ಪಿನ್ ಹಾಕಿದೆ, 9,000 ರೂಪಾಯಿ ಹೋಯಿತು.
— ಓದುಗರು, ಯಲಹಂಕ

ಉತ್ತರ: ಸರ್, ಹಣ ಬರಬೇಕಾದರೆ ಯುಪಿಐ ಪಿನ್ ಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಇನ್ನೂ ದೂರು ಕೊಟ್ಟಿಲ್ಲದಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ನಿಮ್ಮ ಭಾಗದ ಸೈಬರ್ ಅಪರಾಧ ಠಾಣೆಗೆ (ಸೆನ್) ಹೋಗಿ. ತಕ್ಷಣ ಹೇಳಿದಷ್ಟೂ ಆ ಹಣವನ್ನು ಮುಂದಿನ ಖಾತೆಯಲ್ಲಿ ತಡೆಯುವ ಅವಕಾಶ ಜಾಸ್ತಿ. ನಾಚಿಕೆ ಅಂತ ಸುಮ್ಮನೆ ಕೂರಬೇಡಿ, ಓದಿದವರೂ ಇದರಲ್ಲಿ ಸಿಕ್ಕಿಕೊಂಡಿದ್ದಾರೆ.

ಮಂಚ ಇನ್ನೂ ಇದೆ ತಾನೇ? ಮನೆಗೇ ಬಂದು ನೋಡುವವರಿಗೆ ಮಾರಿ. ಅವರು ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ. ನಿಮ್ಮ ಖಾತೆಯ ಬ್ಯಾಲೆನ್ಸ್ ನೀವೇ ನೋಡಿ, ಆಮೇಲೆ ಮಂಚ ಗಾಡಿಗೆ ಏರಿಸಿ.